ತೊಳೆದ ಚೀಲಗಳು

ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಮೂರನೆಯ ಸಲ ಡಬ್ಬಿಯ ಕಡೆ ಕಣ್ಣು ಹಾಯಿಸಿದಾಗ ಅವಳಿಗೆ ರೇಗಿತು. ಒಳಗೇನಿದೆ ಅಂತ ಬಾಯಿಬಿಟ್ಟು ಕೇಳಲಿ, ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿಯುತ್ತೇನೆ, ಬೇಕಾದರೆ ಕೈ ಹಾಕಿ ನೋಡು ಅನ್ನುತ್ತೇನೆ ಎಂದುಕೊಂಡಳು. ಹೆಂಗಸು ಕೇಳಲಿಲ್ಲ, ಕಿಟಕಿಯ ಕಡೆ ತಿರುಗಿದಳು. ಅದಕ್ಕೂ ಸಿಟ್ಟು ಬಂತು. ನಿನ್ನೆ ಸಂಜೆಯಿಂದ ಹೀಗೇ ಆಗಿದೆ. ಹಲ್ಲುಜ್ಜುವ ಬ್ರಷ್ಷಿನ ಮೇಲೆ, ಬಿಚ್ಚಿಕೊಳ್ಳದ ಕೊಡೆಯ ಮೇಲೆ, ದಾರಿಗಡ್ಡ ನಿಂತ ಕಂಡಕ್ಟರನ ಮೇಲೆ, ಸಿಕ್ಕಿದ್ದರ ಮೇಲೆಲ್ಲ ಹರಿಹಾಯುವಂತಾಗಿದೆ. ಯಾರ ಮೇಲೆ ಹಾಯಬೇಕೋ ಅವರ ಮುಂದೆ ಮಾತ್ರ ಈ ಸಿಟ್ಟು ಬಾಲ ಮುದುರಿಕೊಂಡು ಕೂರುತ್ತದೆ, ಅದು ಇಪ್ಪತ್ತೊಂದು ವರ್ಷದ ಅನುಭವ. ತೊಡೆಯ ಮೇಲಿದ್ದದ್ದು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಮುಚ್ಚಳದ ಮೇಲೆ ಎರಡು ಮಕ್ಕಳು ನಗುತ್ತಿವೆ, ಒಂದರ ಮುಖ ಸವೆದುಹೋಗಿದೆ. ಬಸ್ಸು ಕುಲುಕಿದಾಗಲೆಲ್ಲ ಒಳಗೆ ಏನೋ ಮೆತ್ತಗೆ ಹೊರಳುತ್ತಿತ್ತು. ಅಣ್ಣನ ತೋಟದ ಮಣ್ಣಿನಿಂದ ಅತ್ತಿಗೆ ಆರಿಸಿ ಕೊಟ್ಟ ಲೋಳೆಯ ಉಂಡೆಗಳು, ಎರಡು ಹಿಡಿಯಷ್ಟು.

ಅಣ್ಣನ ತೋಟ ಊರಂಚಿನಲ್ಲಿ, ಇಟ್ಟಿಗೆ ಗೂಡುಗಳ ಹಿಂದೆ ಇದೆ. ಇಪ್ಪತ್ನಾಲ್ಕು ಮಡಿ ತರಕಾರಿ. ನಿನ್ನೆ ಅವಳು ಹೋದಾಗ ಅತ್ತಿಗೆ ಕ್ಯಾರೆಟ್ ಕೀಳುತ್ತ ಕೂತಿದ್ದಳು, ಇವಳನ್ನು ಕಂಡವಳೇ ಒಂದನ್ನು ಎತ್ತಿ ತೋರಿಸಿ, "ನೋಡಮ್ಮ ನಿಮ್ಮಣ್ಣನ ಬೆಳೆ. ಎಲ್ಲಾ ಕಾಲು ಬಿಟ್ಕೊಂಡಿವೆ. ಇನ್ನೆರಡು ದಿನ ಬಿಟ್ಟಿದ್ರೆ ಎದ್ದು ಓಡಿಹೋಗ್ತಿದ್ವು" ಎಂದು ನಕ್ಕಳು. ಒಂದಕ್ಕೆ ಎರಡು ಕಾಲು, ಇನ್ನೊಂದಕ್ಕೆ ಮೂರು, ಮತ್ತೊಂದು ಸೊಂಟ ತಿರುಚಿಕೊಂಡು ಏನನ್ನೋ ತಬ್ಬಿಕೊಂಡಿತ್ತು. ತಬ್ಬಿಕೊಂಡದ್ದು ಏನು ಎಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಯಿತು, ಆದರೂ ಬೆರಳಿನಿಂದ ಬಿಡಿಸಿ ನೋಡಿದಳು. ದ್ರಾಕ್ಷಿಯಷ್ಟು ದಪ್ಪದ, ಕೆಸರು ಬಣ್ಣದ ಉಂಡೆ, ಅವಳು ಕೆಲಸ ಮಾಡುವ ಸಂಸ್ಥೆಯ ಗೊಬ್ಬರದ ಜೆಲ್. ಅಣ್ಣ ಗುದ್ದಲಿಯಿಂದ ಒಂದು ಹೆಂಟೆ ಎತ್ತಿ ಅವಳ ಮುಂದೆ ಹಾಕಿದ. ಇಪ್ಪತ್ತು ವರ್ಷ ತರಗೆಲೆ, ಸಗಣಿ ಹಾಕಿ ಅವನು ಮಾಡಿಕೊಂಡ ಮಣ್ಣು ಅದು, ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉದುರುತ್ತಿತ್ತು. ಈಗ ಉದುರಲಿಲ್ಲ, ನಾದಿದ ಹಿಟ್ಟಿನ ಹಾಗೆ ಕೂತಿತು. "ಎಷ್ಟು ಸಲ ಹಾಕಿದ್ದೀಯ ಅಣ್ಣ?" ಅಂದಳು. "ನೀನು ಹೇಳಿದ ಹಾಗೇ. ಬೆಳೆಗೊಂದು ಸಲ, ಮೂರು ಬೆಳೆ. ಹೊಸದು ಹಾಕೋ ಹೊತ್ತಿಗೆ ಹಳೇದು ಕರಗಿರುತ್ತೆ ಅಂದಿದ್ದೆಯಲ್ಲ" ಅಂದ. ಅವನು ಬಯ್ಯುತ್ತಾನೆ ಎಂದು ಅವಳು ಕಾದಳು. ಬಯ್ಯಲಿ ಎಂದು ಆಸೆಪಟ್ಟಳು. ಅವನು ತಲೆ ಕೆರೆದುಕೊಂಡು, "ನಾನೇ ನೀರು ಜಾಸ್ತಿ ಬಿಟ್ಟೆ ಅನ್ಸುತ್ತೆ ಕಣೇ. ಇಲ್ಲಾ ನಮ್ಮ ಮಣ್ಣಿನದೇ ಏನೋ ದೋಷ. ನೀನು ತೂಗಿದ್ದು ಅಂದ ಮೇಲೆ ಲೆಕ್ಕ ತಪ್ಪಿರಲ್ಲ" ಅಂದುಬಿಟ್ಟ. ಚಿಕ್ಕಂದಿನಲ್ಲಿ ಕನ್ನಡಿ ಒಡೆದದ್ದು ಇವಳು, ಒಡೆದದ್ದು ನಾನು ಅಂದು ಅಪ್ಪನ ಕೈಲಿ ಏಟು ತಿಂದವನು ಅವನು. ಐವತ್ತೆರಡನೆಯ ವಯಸ್ಸಿನಲ್ಲಿ ಮತ್ತೆ ಅದನ್ನೇ ಮಾಡುತ್ತಿದ್ದಾನೆ, ತಾನು ಮಾಡುತ್ತಿರುವುದು ಏನೆಂದು ಗೊತ್ತಿಲ್ಲದೆ. ಆ ಒಳ್ಳೆಯತನವನ್ನು ಹಿಡಿದು ಕೆಸರಿಗೆ ಎಸೆಯಬೇಕೆನಿಸಿತು. ಅತ್ತಿಗೆ ಮಾತ್ರ ನಗು ನಿಲ್ಲಿಸಿ ಒಮ್ಮೆ ಅವಳ ಮುಖ ನೋಡಿದಳು, ಆಮೇಲೆ ಒಳಗೆ ಹೋಗಿ ಈ ಡಬ್ಬಿ ತಂದಳು.

ಬಸ್ಸಿಳಿದು ಬಂದಾಗ ಸಂಸ್ಥೆಯ ಗೇಟಿಗೆ ಬಣ್ಣ ಹೊಡೆದಿದ್ದರು. ಒಳಗೆ ಗಾಜಿನ ಕಪಾಟಿನಲ್ಲಿ ಜೆಲ್ಲಿನ ಮಣಿಗಳನ್ನು ಬಣ್ಣಬಣ್ಣದ ಸೀಸೆಗಳಲ್ಲಿ ಜೋಡಿಸಿದ್ದರು. ಒಣಗಿದ್ದಾಗ ಸಾಸಿವೆಯಷ್ಟು, ನೀರು ಕುಡಿದರೆ ದ್ರಾಕ್ಷಿಯಷ್ಟು. ಹೊಟ್ಟೆಯಲ್ಲಿ ಗೊಬ್ಬರ ಇಟ್ಟುಕೊಂಡು ಬೇರಿಗೆ ದಿನಕ್ಕಿಷ್ಟು ಎಂದು ಬಿಡುತ್ತದೆ. ಮಳೆಗೆ ಗೊಬ್ಬರ ಕೊಚ್ಚಿಹೋಗುವುದಿಲ್ಲ, ಕೆರೆ ಪಾಚಿಗಟ್ಟುವುದಿಲ್ಲ, ಅರ್ಧ ನೀರು ಸಾಕು. ಇದೆಲ್ಲ ನಿಜ. ಅಣ್ಣನ ಮೊದಲ ಬೆಳೆಯ ಕೋಸು ಎರಡು ಕೈಯಲ್ಲಿ ಹಿಡಿಯಲಾಗದಷ್ಟು ಬಂದದ್ದೂ ನಿಜ. ಸುಳ್ಳಿರುವುದು ಗೋಡೆಯ ಮೇಲಿನ ಫಲಕದ ಕೊನೆಯ ಸಾಲಿನಲ್ಲಿ: ಕೆಲಸ ಮುಗಿದ ಮೇಲೆ ಜೆಲ್ ತಾನೇ ಕೊಳೆತು ಮಣ್ಣಾಗುತ್ತದೆ, ತೊಂಬತ್ತು ದಿನಗಳಲ್ಲಿ ನೂರಕ್ಕೆ ತೊಂಬತ್ತೆರಡು ಪಾಲು. ಮುಖ್ಯಸ್ಥರು ಈ ಅಂಕಿಯನ್ನು ಎಷ್ಟು ಕಡೆ, ಎಷ್ಟು ಸಲ ಹೇಳಿದ್ದರೆಂದರೆ ಬೆನ್ನ ಹಿಂದೆ ಅವರ ಹೆಸರೇ ತೊಂಬತ್ತೆರಡು ಎಂದಾಗಿತ್ತು. ತೊಂಬತ್ತೆರಡು ಬಂದ್ರಾ, ತೊಂಬತ್ತೆರಡಕ್ಕೆ ಇವತ್ತು ಮೂಡು ಹೇಗಿದೆ. ಆ ನಗುವಿನಲ್ಲಿ ಅವಳೂ ಸೇರುತ್ತಿದ್ದಳು. ಆ ಅಂಕಿ ಹುಟ್ಟಿದ್ದು ತನ್ನ ಹೆಬ್ಬೆರಳಿನ ಕೆಳಗೆ ಎಂದು ಯಾರಿಗೂ ನೆನಪಿರಲಿಲ್ಲ. ಅವಳಿಗೆ ಸಂಸ್ಥೆಯಲ್ಲಿ ಇದ್ದದ್ದು ಒಂದೇ ಹೆಸರು, ತೂಕದಕ್ಕ. ತೂಗುವುದು, ಬರೆಯುವುದು, ಒರೆಸುವುದು. ಸಂಸ್ಥೆಯ ಹತ್ತೊಂಬತ್ತು ಪ್ರಬಂಧಗಳಲ್ಲಿ ಅವಳ ತೂಕಗಳಿವೆ, ಒಂದರಲ್ಲೂ ಅವಳಿಲ್ಲ.

ಮುಖ್ಯಸ್ಥರು ಹೊಸ ಏಪ್ರನ್ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಬಾ ಬಾ, ನಿನ್ನೇ ಕಾಯ್ತಿದ್ದೆ. ಹನ್ನೊಂದಕ್ಕೆ ಇಲಾಖೆಯವರು ಬರ್ತಾರೆ. ಇವತ್ತು ಸಹಿ ಬಿತ್ತು ಅಂದ್ರೆ ಮುಂದಿನ ಬಿತ್ತನೆಗೆ ನಾಲ್ಕು ಸಾವಿರ ತೋಟಕ್ಕೆ ಹೋಗುತ್ತೆ ನಮ್ಮ ಜೆಲ್. ನೀನು ಮಾತಾಡೋದೇನೂ ಇಲ್ಲ. ಕುಂಡದಿಂದ ಚೀಲ ತೆಗಿ, ತೊಳಿ, ನನ್ನ ಕೈಗೆ ಕೊಡು. ಖಾಲಿ ಚೀಲ ಎತ್ತಿ ತೋರಿಸಿದ್ರೆ ಸಾಕು, ಬೇರೆ ಏನೂ ಬೇಡ." ಸಾರ್, ಒಂದು ನಿಮಿಷ ಎಂದು ಅವಳು ಡಬ್ಬಿಯನ್ನು ಮುಂದಕ್ಕೆ ಚಾಚಿದಳು. ಅವರ ಮುಖ ಅರಳಿತು. "ಓಹೋ, ಮನೇಲಿ ಮಾಡಿದ್ದಾ? ಇದೆಲ್ಲ ಯಾಕೆ ತೊಂದ್ರೆ ತಗೊಂಡೆ" ಎಂದು ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡು ಹೋಗಿ ಅತಿಥಿಗಳ ಚಹಾದ ಮೇಜಿನ ಮೇಲೆ, ಕಪ್ಪುಗಳ ಪಕ್ಕದಲ್ಲಿ ಇಟ್ಟರು. ಅಷ್ಟರಲ್ಲಿ ಯಾರೋ ಕರೆದರು, ಹೋದರು. ಅವಳು ನಿಂತೇ ಇದ್ದಳು, ಇನ್ನೂ ಚಾಚಿಕೊಂಡೇ ಇದ್ದ ಕೈಯ ಮೇಲೆ ಅವರು ಹಾಕಿಹೋದ ಏಪ್ರನ್ ಇತ್ತು. ಏಪ್ರನ್ನಿನ ಮೇಲೆ ಸಂಸ್ಥೆಯ ಚಿಹ್ನೆ, ಅದರ ಕೆಳಗೆ ಹಸಿರು ದಾರದಲ್ಲಿ ತೊಂಬತ್ತೆರಡು ಎಂದು ಹೊಲಿದಿದ್ದರು. ಎದೆಯ ಮೇಲೇ ಹೊಲಿದಿದ್ದಾರೆ ಎಂದುಕೊಂಡಳು, ಹಾಕಿಕೊಂಡಳು. ಹಾಕಿಕೊಂಡ ಮೇಲೆ, ಯಾಕೆ ಹಾಕಿಕೊಂಡೆ ಎಂದು ತನ್ನ ಮೇಲೇ ಉರಿದುಕೊಂಡಳು. ಚಹಾದ ಮೇಜಿನಿಂದ ಡಬ್ಬಿಯನ್ನು ಕಿತ್ತುಕೊಂಡು ತಂದು ಪ್ರಯೋಗಶಾಲೆಯ ಸಿಂಕಿನ ಪಕ್ಕ ಇಟ್ಟಳು.

ಮೂರು ವರ್ಷದ ಹಿಂದೆ ಮೊದಲ ಚೀಲಗಳನ್ನು ಹೂತಾಗ ತೊಳೆಯಬೇಕೆಂದು ಯಾರೂ ಹೇಳಿರಲಿಲ್ಲ. ಎರಡು ಗ್ರಾಂ ಮಣಿ ತೂಗಿ, ನೈಲಾನ್ ಬಲೆಯ ಪುಟ್ಟ ಚೀಲದಲ್ಲಿ ಹಾಕಿ ಹೊಲಿದು, ಕುಂಡದ ಮಣ್ಣಿನಲ್ಲಿ ಹೂತು, ತೊಂಬತ್ತನೆಯ ದಿನ ತೆಗೆದು, ಒಣ ಕುಂಚದಿಂದ ಮಣ್ಣು ಕೊಡವಿ, ಓವನ್ನಿನಲ್ಲಿ ಎರಡು ದಿನ ಒಣಗಿಸಿ ತೂಗಬೇಕು, ಪುಸ್ತಕದಲ್ಲಿ ಇದ್ದದ್ದು ಅಷ್ಟೆ. ಅವಳು ಹಾಗೇ ಮಾಡಿದಳು. ಜೇಡಿಮಣ್ಣು ಲೋಳೆಗೆ ಅಂಟಿಕೊಂಡು ಕುಂಚಕ್ಕೆ ಬರಲಿಲ್ಲ. ಬಂದ ತೂಕ ಹಾಕಿದ್ದಕ್ಕಿಂತ ಹೆಚ್ಚಾಗಿತ್ತು. ಬಂದದ್ದನ್ನು ಬರೆದಳು. ಮರುದಿನ ಸಭೆಯಲ್ಲಿ ಮುಖ್ಯಸ್ಥರು ಆ ಹಾಳೆಯನ್ನು ಎತ್ತಿ ಹಿಡಿದು, "ನೂರ ಹನ್ನೊಂದು ಪರ್ಸೆಂಟ್! ನಮ್ಮ ತೂಕದಕ್ಕ ಜೆಲ್ ಹೂತಿಟ್ರೆ ಮರಿ ಹಾಕಿದೆ!" ಅಂದಿದ್ದರು. ಹನ್ನೆರಡು ಜನ ನಕ್ಕರು. ನಗದೇ ಇದ್ದವರು ಒಬ್ಬರಾದರೂ ಇದ್ದರೇ ಎಂದು ಎಷ್ಟೋ ದಿನ ಮಲಗಿದಲ್ಲಿ ಒಂದೊಂದೇ ಮುಖ ನೆನಪಿಸಿಕೊಂಡಿದ್ದಾಳೆ, ಇರಲಿಲ್ಲ. ಮುಂದಿನ ಚೀಲಗಳನ್ನು ಅವಳು ನಲ್ಲಿಯ ಕೆಳಗೆ ಹಿಡಿದಳು. ಮಣ್ಣಿನ ಒಂದು ಕಣ ಉಳಿಯಬಾರದು, ಈ ಸಲ ಯಾರು ನಗುತ್ತಾರೋ ನೋಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ತೊಳೆದಳು. ಮಣ್ಣಿನಲ್ಲಿ ಮೆತ್ತಗಾಗಿದ್ದ ಉಂಡೆಗಳು ಬಲೆಯ ಕಣ್ಣುಗಳಿಂದ ನುಣುಚಿಕೊಂಡು, ಬೆಂಡೆಕಾಯಿಯ ಲೋಳೆಯಂತೆ ಬೆರಳ ಸಂದಿಯಲ್ಲಿ ಇಳಿದುಹೋಗುತ್ತಿದ್ದವು. ಬೆರಳಿಗೆ ಗೊತ್ತಾಗಿತ್ತು. ಒಣಗಿಸಿ ತೂಗಿದಾಗ ಎರಡು ಗ್ರಾಮಿನಲ್ಲಿ ಉಳಿದದ್ದು ಸೊನ್ನೆ ಬಿಂದು ಒಂದು ಆರು. ಮುಖ್ಯಸ್ಥರು ಹಾಳೆ ನೋಡಿ ಕುರ್ಚಿಯಿಂದ ಎದ್ದರು. ಅವಳ ಭುಜ ತಟ್ಟಿದರು. ಇಪ್ಪತ್ತೊಂದು ವರ್ಷದಲ್ಲಿ ಅವರು ಭುಜ ತಟ್ಟಿದ್ದು ಅದೊಂದೇ ಸಲ, ಆ ಜಾಗ ಇನ್ನೂ ಬಿಸಿಯಾಗಿದೆ ಎಂದು ಆಗಾಗ ಅನಿಸುತ್ತದೆ, ಥೂ.

ಹೇಳಿರಲಿಲ್ಲ ಎಂದಲ್ಲ, ಹೇಳಿದ್ದಳು. ಒಂದು ವಾರ ಬಿಟ್ಟು ಅವರ ಕೋಣೆಗೆ ಹೋಗಿ, ಸಾರ್, ತೊಳೆಯುವಾಗ ಸ್ವಲ್ಪ ಹೊರಗೆ ಹೋಗ್ತಿದೆ ಅನ್ಸುತ್ತೆ ಅಂದಿದ್ದಳು. ಅವರು ಫೋನಿನಲ್ಲಿದ್ದರು, ಆಯ್ತು ಆಯ್ತು ಎಂಬಂತೆ ಕೈ ಆಡಿಸಿದರು. ಮೂರು ವರ್ಷದಿಂದ ಆ ಕೈಯಾಟವನ್ನು ಅವಳು ಸೆರಗಿನ ತುದಿಯಲ್ಲಿ ಗಂಟು ಹಾಕಿ ಇಟ್ಟುಕೊಂಡಿದ್ದಾಳೆ. ಫಲಕ ನೋಡಿದಾಗ, ಹೇಳಿದ್ದೆ. ಪತ್ರಿಕೆಯಲ್ಲಿ ಅವರ ಫೋಟೋ ಬಂದಾಗ, ಹೇಳಿದ್ದೆನಲ್ಲ. ಆ ವರ್ಷವೇ ಇದೇ ಸಿಂಕು ಕಟ್ಟಿಕೊಂಡು ನೀರು ನೆಲಕ್ಕೆ ಹರಿದಿತ್ತು. ನಲ್ಲಿ ರಿಪೇರಿಯವನು ಕೆಳಗೆ ಅಂಗಾತ ಮಲಗಿ, ಕೊಳವೆ ಬಿಚ್ಚಿ, ತೋಳುದ್ದ ಲೋಳೆ ಎಳೆದು ಬಕೆಟ್ಟಿಗೆ ಹಾಕುತ್ತ, "ಏನಮ್ಮಾ ಇದು, ದಿನಾ ಬೆಂಡೆಕಾಯಿ ಬೇಯಿಸ್ತೀರಾ ಇಲ್ಲಿ? ಅರ್ಧ ಬಕೆಟ್ ಬಂತಲ್ರೀ!" ಅಂದಿದ್ದ. ಅವಳು ನಕ್ಕಿದ್ದಳು. ಮುಖ್ಯಸ್ಥರು ಬಾಗಿಲಲ್ಲಿ ನಿಂತು ಬಕೆಟ್ಟನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು. ಎಷ್ಟು ಹೊತ್ತು? ಒಂದು ಉಸಿರಿನಷ್ಟು. ಅವರು ಕೇಳಿದ್ದು ಒಂದೇ ಮಾತು: "ಇದಕ್ಕಿಂತ ದೊಡ್ಡ ಕೊಳವೆ ಸಿಗುತ್ತಾ?" ಮಾರನೆಯ ದಿನ ದೊಡ್ಡ ಕೊಳವೆ ಬಂತು. ಅದು ಇವತ್ತಿಗೂ ಸಿಂಕಿನ ಕೆಳಗೆ, ಹೊಟ್ಟೆಬಾಕನ ಗಂಟಲಿನ ಹಾಗೆ ಬಾಯಿ ಬಿಟ್ಟುಕೊಂಡು ಕೂತಿದೆ. ಗೊತ್ತಿತ್ತು ಆ ಮನುಷ್ಯನಿಗೆ. ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಫಲಕ ಬರೆಸಿದ, ಗೊತ್ತಿದ್ದೂ ಎದೆಯ ಮೇಲೆ ಹೊಲಿಸಿದ. ಮತ್ತೆ ಅಣ್ಣನ ತೋಟಕ್ಕೆ ಮೊದಲ ಚೀಲ ಜೆಲ್ ಹೊತ್ತುಕೊಂಡು ಹೋದದ್ದು ಯಾರು? ಆಟೋದಲ್ಲಿ, ಸ್ವಂತ ಮಡಿಲಲ್ಲಿಟ್ಟುಕೊಂಡು? ಕೊಳವೆ ಬದಲಾಯಿಸಿದ ಮೇಲೆಯೇ ಅಲ್ಲವೇ? ಅಂಕಿಯನ್ನು ಅಷ್ಟು ಜನ ನಂಬಿದ್ದಾರೆ, ಇಷ್ಟು ದೊಡ್ಡ ದೊಡ್ಡವರು, ಇರಬಹುದೇನೋ ಎಂದು ತಾನೂ ನಂಬಿಬಿಟ್ಟಿದ್ದಳು. ಅಥವಾ ಅಣ್ಣನ ಮಣ್ಣಿನಲ್ಲಾದರೂ ಕರಗಲಿ, ಕರಗಿದರೆ ತನ್ನ ತಪ್ಪೂ ಕರಗುತ್ತದೆ ಎಂದು ಆಸೆಯಿಂದ ಕೊಟ್ಟಿದ್ದಳು. ಯಾವುದು ಎಂದು ಈಗ ನಿಜವಾಗಿಯೂ ಗೊತ್ತಾಗುವುದಿಲ್ಲ. ಮಣ್ಣಿನಿಂದ ಅದನ್ನು ಸೋಸಿ ತೆಗೆಯಲು ದಾರಿಯಿಲ್ಲ ಎಂಬುದು ಮಾತ್ರ ಗೊತ್ತು. ನಿನ್ನೆ ಅತ್ತಿಗೆ ಸಂಜೆಯವರೆಗೆ ಕೂತು ಆರಿಸಿದ್ದು ಅರ್ಧ ಮಡಿ.

ಇಲಾಖೆಯವರು ಹನ್ನೊಂದೂವರೆಗೆ ಬಂದರು, ಐದು ಜನ. ಸಹಿ ಹಾಕಬೇಕಾದವಳು ದಪ್ಪ ಕನ್ನಡಕದ ಹೆಂಗಸು, ಬೂಟಿಗೆ ಒಣಗಿದ ಮಣ್ಣು ಹತ್ತಿತ್ತು. ಬರುವ ದಾರಿಯಲ್ಲಿ ಎಲ್ಲೋ ಇಳಿದು ಗದ್ದೆಯಲ್ಲಿ ನಡೆದಿರಬೇಕು. ಮುಖ್ಯಸ್ಥರು ಎಲ್ಲರನ್ನೂ ಸಿಂಕಿನ ಸುತ್ತ ನಿಲ್ಲಿಸಿದರು. "ಇವರು ನಮ್ಮ ತೂಕದಕ್ಕ. ಇವರ ಕೈಗುಣ ಅಂದ್ರೆ ಕೈಗುಣ" ಎಂದರು. ಅವರು ಬಹುವಚನ ಬಳಸಿದ್ದು ಅತಿಥಿಗಳ ಕಿವಿಗೆ ಎಂದು ಅವಳಿಗೆ ತಿಳಿಯಿತು, ಆದರೂ ಆ ಹಾಳು ಭುಜ ಒಂದು ಕ್ಷಣ ಬೆಚ್ಚಗಾಯಿತು. ನಾಯಿ ಜನ್ಮ ಎಂದು ತನಗೇ ಬೈದುಕೊಂಡಳು. ಕುಂಡ ಬಗ್ಗಿಸಿ ಮೂರು ಚೀಲ ತೆಗೆದಳು. ಮೂರೂ ಒದ್ದೆ, ದಪ್ಪ, ಮಣ್ಣು ಮೆತ್ತಿಕೊಂಡು ಊದಿಕೊಂಡಿದ್ದವು. ನಲ್ಲಿ ತಿರುಗಿಸುವ ಮೊದಲು ಅವಳ ಎಡಗೈ ಸರಪಳಿಗೆ ಹೋಯಿತು. ಆ ಸಿಂಕಿನ ಗೋಡೆಗೆ ಒಂದು ರಬ್ಬರ್ ಬಿರಡೆ ಅಷ್ಟೂ ವರ್ಷ ಸರಪಳಿಯಲ್ಲಿ ನೇತಾಡಿಕೊಂಡೇ ಇತ್ತು, ಯಾರೂ ಬಳಸಿದ್ದಿಲ್ಲ, ಸುತ್ತ ಬಿರುಕು ಬಿಟ್ಟಿತ್ತು. ಅದನ್ನು ತೂತಿಗೆ ಒತ್ತಿದಳು. ಕೂರಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಕರವಸ್ತ್ರ ತೆಗೆದು ಸುತ್ತಿ, ಅಂಗೈಯಿಂದ ಇನ್ನೊಮ್ಮೆ ಒತ್ತಿದಳು. ಕೂತಿತು. ಯಾರೂ ಗಮನಿಸಲಿಲ್ಲ. ತೊಳೆಯುವವಳ ಕೈಯನ್ನು ಯಾರು ನೋಡುತ್ತಾರೆ?

ತೊಳೆದಳು. ಮೂರು ವರ್ಷದಲ್ಲಿ ಎಷ್ಟು ಚೀಲ ತೊಳೆದಿದ್ದಾಳೋ, ಅಷ್ಟೂ ಸಲದ ಸಿಟ್ಟು ಹೆಬ್ಬೆರಳಿಗೆ ಇಳಿದಂತೆ ಉಜ್ಜಿದಳು. ಲೋಳೆ ಬೆರಳ ಸಂದಿಯಿಂದ ಇಳಿಯಿತು, ನೀರು ಕಂದಾಗುತ್ತ ಏರಿತು. ಮುಖ್ಯಸ್ಥರು ಅತಿಥಿಗಳ ಕಡೆ ಮುಖ ಮಾಡಿ ಮಣ್ಣಿನ ಸೂಕ್ಷ್ಮಜೀವಿಗಳ ಬಗ್ಗೆ ಹೇಳುತ್ತಿದ್ದರು, ಅವು ಜೆಲ್ಲನ್ನು ಹೇಗೆ ತಿಂದು ತೇಗುತ್ತವೆ ಎಂದು. ನಾಲ್ಕು ಜನ ನಕ್ಕರು. ಕನ್ನಡಕದವಳು ಕೇಳಿದಳು: "ತೊಳೆಯೋದು ಯಾಕೆ?" "ಮಣ್ಣು ಹೋಗ್ಲಿ ಅಂತ ಮೇಡಂ. ನಾವು ತೂಗೋದು ಜೆಲ್ಲನ್ನ, ಮಣ್ಣನ್ನಲ್ಲ." ಅವಳು ಮೊದಲ ಚೀಲ ಕೊಟ್ಟಳು. ಮುಖ್ಯಸ್ಥರು ಅದನ್ನು ಬೆಳಕಿಗೆ ಎತ್ತಿ ಹಿಡಿದರು, ಬಲೆಯ ಆಚೆಯಿಂದ ಕಿಟಕಿ ಕಾಣುತ್ತಿತ್ತು. "ನೋಡಿ. ತೊಂಬತ್ತು ದಿನದ ಹಿಂದೆ ಇದರ ತುಂಬ ಇತ್ತು. ಎಲ್ಲಿ ಹೋಯ್ತು? ಮಣ್ಣಾಯ್ತು!" ಚಪ್ಪಾಳೆ ಬಿತ್ತು. ಎರಡನೆಯದು, ಮೂರನೆಯದು. ಅವಳು ನಲ್ಲಿ ನಿಲ್ಲಿಸಿದಳು. ನೀರು ಇಳಿಯಲಿಲ್ಲ, ಅಂಚಿನವರೆಗೆ ನಿಂತಿತ್ತು. ಮೊಣಕೈವರೆಗೆ ಕೈ ಇಳಿಸಿ ತಳದಿಂದ ಬಾಚಿದಳು. ಬಂತು. ಎರಡು ಅಂಗೈ ತುಂಬ ಬಂತು, ನಡುಗುವ, ಕೆಸರು ಬಣ್ಣದ ಮುದ್ದೆ. ಡಬ್ಬಿಯ ಮುಚ್ಚಳವನ್ನು ಮೊಣಕೈಯಿಂದ ತಳ್ಳಿ ತೆರೆದಳು. ಒಳಗಿನದು, ಕೈಯಲ್ಲಿದ್ದದ್ದು, ಎರಡೂ ಒಂದೇ. ಸಾರ್ ಎಂದಳು.

ಆಗ ಮುಖ್ಯಸ್ಥರ ಫೋನು ಬಡಿದುಕೊಂಡಿತು. ಅವರು ಒಂದು ಬೆರಳೆತ್ತಿ, ಒಂದು ನಿಮಿಷ ಎಂಬಂತೆ, ಕಿಟಕಿಯ ಕಡೆ ತಿರುಗಿದರು. ಅವಳ ಬಾಯಿಗೆ ಮಾತು ಬಂದೇಬಿಟ್ಟಿತು. ಈಗ ಹೇಳಿಬಿಡು, ಹೇಳಿದ್ದೆ ಎಂದಾಗುತ್ತದೆ, ಕೇಳಿಸದಿದ್ದರೆ ಅವರ ಹಣೆಬರಹ. ಅಷ್ಟರಲ್ಲಿ ಮೂರು ವರ್ಷದಿಂದ ಗಂಟು ಹಾಕಿಟ್ಟದ್ದು ಬಿಚ್ಚಿಕೊಂಡಿತು, ಅದರೊಳಗೆ ಇದ್ದದ್ದು ಅವರ ಕೈಯಾಟ ಒಂದೇ ಅಲ್ಲ. ಅವರ ಕೋಣೆಯ ಗಾಜಿನ ಬಾಗಿಲೂ ಇತ್ತು. ಆವತ್ತು ಅವಳು ಮೊದಲು ಹೋದಾಗ ಅವರು ಫೋನಿನಲ್ಲಿರಲಿಲ್ಲ. ಮೇಜಿನ ಮೇಲೆ ಕಾಲು ಚಾಚಿಕೊಂಡು ಪೇಪರು ಓದುತ್ತ ಸುಮ್ಮನೆ ಕೂತಿದ್ದರು. ಕೇಳುವ ಕಿವಿ ಇತ್ತು, ಬಾಗಿಲು ತೆರೆದಿತ್ತು. ಅವಳು ಮುಂದೆ ಹೋದಳು, ನೀರು ಕುಡಿದಳು, ಮೆಟ್ಟಿಲ ಹತ್ತಿರ ನಿಂತು ಗಾಜಿನಾಚೆ ನೋಡುತ್ತಿದ್ದಳು. ಫೋನು ಅವರ ಕಿವಿಗೆ ಹೋದ ಮೇಲೆಯೇ ಒಳಗೆ ಹೋದದ್ದು. ಹೇಳಿ ಹೊರಗೆ ಬಂದಾಗ ಎಷ್ಟು ಹಗುರವಾಗಿತ್ತು! ಥೂ ನಿನ್ನ ಎಂದುಕೊಂಡಳು. ಈ ಸಲ ಸಿಟ್ಟು ಬಾಲ ಮುದುರಲಿಲ್ಲ, ಅದು ಬರಬೇಕಾದ ಕಡೆಯೇ ಬಂದಿತ್ತು, ಅರ್ಧ ಕಿಟಕಿಯ ಹತ್ತಿರ ನಿಂತವರ ಮೇಲೆ, ಅರ್ಧ ತನ್ನ ಮೇಲೆ. ಬಾಯಿ ಮುಚ್ಚಿಕೊಂಡು ನಿಂತಳು. ಮುದ್ದೆಯಿಂದ ನೀರು ಮೊಣಕೈಗೆ ಇಳಿದು, ಹೊಸ ಏಪ್ರನ್ನಿನ ಅಂಕಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಕನ್ನಡಕದವಳು ಹತ್ತಿರ ಬಂದು ಅಂಗೈಯನ್ನು, ಡಬ್ಬಿಯನ್ನು, ತುಂಬಿದ ಸಿಂಕನ್ನು ನೋಡಿದಳು.

"ಏನಮ್ಮಾ ಅದು?"

"ಹೇಳ್ತೀನಿ. ಅವರು ಫೋನಿಡ್ಲಿ."

"ಎಷ್ಟಿರಬಹುದು?"

"ಒದ್ದೇಲಿ ತೂಗಿದ್ರೆ ಅದು ತೂಕ ಅಲ್ಲ. ಒಣಗ್ಬೇಕು. ನಾಡಿದ್ದು ಹೇಳ್ತೀನಿ, ನಾನೇ ಬರೆದುಕೊಡ್ತೀನಿ."

ಮುಖ್ಯಸ್ಥರ ಮಾತು ಉದ್ದವಾಯಿತು. ಅವರು ಕಿಟಕಿಯ ಗಾಜಿನಲ್ಲಿ ಹಿಂದಿನದನ್ನು ನೋಡುತ್ತಿದ್ದಾರೆ, ಬೇಕೆಂದೇ ಎಳೆಯುತ್ತಿದ್ದಾರೆ ಎಂದು ಅವಳಿಗೆ ಅನಿಸಿತು. ಎಳೆಯಲಿ. ಕೈ ಮರಗಟ್ಟುತ್ತಿತ್ತು, ಕೆಳಗಿಡಲಿಲ್ಲ. ಅಣ್ಣ ಈ ಹೊತ್ತಿಗೆ ಮಡಿಗೆ ನೀರು ಕಡಿಮೆ ಮಾಡಿ, ತನ್ನ ತಪ್ಪು ತಿದ್ದಿಕೊಳ್ಳುತ್ತಿರುತ್ತಾನೆ. ಕೊನೆಗೆ ಫೋನು ಜೇಬಿಗೆ ಹೋಯಿತು, ಅವರು ತಿರುಗಿದರು, ನಗುಮುಖದಲ್ಲೇ ಸಿಂಕಿನ ಕಡೆ ನೋಡಿದರು. ನಗು ಅಲ್ಲೇ ನಿಂತಿತು.

"ಸಾರ್, ಇದು ಕರಗಿಲ್ಲ" ಎಂದಳು. "ನಾನು ತೊಳೆದು ಹಾಕಿದ್ದು. ಮೊದಲನೇ ಸಲದಿಂದ್ಲೂ. ಅಂಕಿ ಸುಳ್ಳು."



"ಏನಂದೆ? ಕೇಳಿಸ್ಲಿಲ್ಲ" ಎಂದರು ಮುಖ್ಯಸ್ಥರು, ಕಣ್ಣಿನಲ್ಲೇ ಬೇಡ ಎನ್ನುತ್ತ.

ಅವರಿಗೆ ಕೇಳಿಸಿತ್ತು. ಅವಳು ಇನ್ನೊಂದು ಸಲ ಹೇಳಿದಳು, ಇನ್ನೂ ಗಟ್ಟಿಯಾಗಿ.